ಸಾರಣೆ ಕಾರಣೆ

ನಮ್ಮ ಕೋಲಾರ ಸೀಮೆಯ ಕನ್ನಡವೆಂದರೆ ತೆಲುಗು ಬೆರೆತ ಕನ್ನಡವೆಂದು ಮೂಗು ಮುರಿಯುವವರು ಇಂದಿಗೂ ಉಂಟು. 1887ರಲ್ಲಿ ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, 1891ರಲ್ಲಿ ಮಾಸ್ತಿಯವರು ಹುಟ್ಟಿದ್ದು ಮಾಲೂರು ಸೀಮೆಯಲ್ಲಿ ಎಂಬುದನ್ನು ಅವರು ಮರೆಯುತ್ತಾರೆ. ಇರಲಿ. ಅಂಥವರಿಗೆ ನನ್ನದು ಒಂದೇ ಪ್ರಶ್ನೆ: ‘ಕಾರಣೆ’ ಎಂದರೇನು, ಬಲ್ಲಿರಾ?

ಗೋಡೆಯ ಮೇಲೆ ಕೆಮ್ಮಣ್ಣಿನಿಂದಲೋ ಸುಣ್ಣದಿಂದಲೋ ಎಳೆಯುವ ಪಟ್ಟೆಯೇ ಕಾರಣೆ. ನೆಲವನ್ನು ಸಗಣಿಯಿಂದ ಸಾರಿಸುವುದು ಸಾರಣೆ. ‘ಸಾರಣೆ ಕಾರಣೆ’, ‘ಸುಣ್ಣ ಕಾರಣೆ’ ಎಂಬ ಜೋಡುನುಡಿಗಳು ಹೀಗೆ ಬಂದವು. ಇವು ‘ಕಾಫಿ ಗೀಫಿ’ಯಂತೆ ನಾಲಗೆಯ ಚಪಲಕ್ಕೆ ಹುಟ್ಟಿದ ಮಾತುಗಳಲ್ಲ, ಎರಡು ಪದ, ಎರಡು ಕೆಲಸ. ಸುಣ್ಣ ಗೋಡೆಯನ್ನೆಲ್ಲ ಮುಚ್ಚುತ್ತದೆ, ಕಾರಣೆ ಅದಕ್ಕೆ ಅಂಚು ಕಟ್ಟುತ್ತದೆ.

ಯುಗಾದಿಯೋ ಮದುವೆಯೋ ಬಂದರೆ ಹಿಂದಿನ ದಿನವೇ ಮಡಕೆಯಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುತ್ತಿತ್ತು. ಬೆಳ್ಳಗೆ ಕಾಣಲೆಂದು ಅದಕ್ಕೆ ಚಿಟಿಕೆ ನೀಲಿ. ಸುಣ್ಣ ಒಣಗಿದ ಮೇಲೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ನಮ್ಮ ಹೆಂಗಸರು ಅದನ್ನು ನೋಟಕ್ಕಾಗಿ ಮಾತ್ರ ಬಳಿಯುತ್ತಿರಲಿಲ್ಲ. ಮಳೆ ಬಿದ್ದಾಗ ಅಂಗಳದ ಕೆಸರು ಸಿಡಿಯುವುದು ಅಲ್ಲಿಗೇ ತಾನೆ? ಕೆಂಪಿನ ಮೇಲೆ ಕೆಸರು ಕಾಣದು. ದೇವಸ್ಥಾನದ ಗೋಡೆಗಳಲ್ಲಿ ಕೆಂಪು ಬಿಳಿ ಪಟ್ಟೆಗಳನ್ನು ಈಗಲೂ ಕಾಣಬಹುದು. ನೋಡುವವರಿಗೆ ಅದರ ಹೆಸರು ಮಾತ್ರ ತಿಳಿಯದು.

ನಾನು ಸೇವೆಯಲ್ಲಿದ್ದಾಗ ಶ್ರೀನಿವಾಸಪುರದ ಕಡೆಯ ಹುಡುಗಿಯೊಬ್ಬಳು ಹಬ್ಬದ ಪ್ರಬಂಧದಲ್ಲಿ ‘ಅಮ್ಮ ಸಾರಣೆ ಕಾರಣೆ ಮಾಡಿದಳು’ ಎಂದು ಬರೆದಿದ್ದಳು. ಮನೆಯಲ್ಲಿ ತೆಲುಗು ಆಡುವ ಮಗು. ತಿದ್ದಿದವರು ಕೆಂಪು ಶಾಯಿಯಲ್ಲಿ ‘ಕಾರಣೆ’ಯನ್ನು ‘ಕಾರಣ’ವಾಗಿಸಿ ಅರ್ಧ ಅಂಕ ಕಳೆದಿದ್ದರು! ಆ ಅರ್ಧ ಅಂಕವನ್ನು ಅವಳಿಗೆ ಮರಳಿ ಕೊಡಿಸಲು ನಿಘಂಟು ಹಿಡಿದು ಹೋಗಬೇಕಾಯಿತು. ಅಂಕವೇನೋ ಬಂತು. ಆದರೆ ಮುಂದಿನ ಪ್ರಬಂಧದಲ್ಲಿ ಅವಳು ‘ಮನೆಯನ್ನು ಸ್ವಚ್ಛಗೊಳಿಸಲಾಯಿತು’ ಎಂದು ಬರೆದಳು. ನನ್ನನ್ನು ಇಂದಿಗೂ ಕಾಡುವುದು ಆ ವಾಕ್ಯ.

ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಸಿಮೆಂಟು ಬಂದದ್ದಕ್ಕೆ ನನ್ನ ತಕರಾರಿಲ್ಲ. ಮಾಲೂರಿನ ಇಟ್ಟಿಗೆ ಹೆಂಚುಗಳಿಂದ ಎಷ್ಟೋ ಸಂಸಾರಗಳು ಬದುಕಿವೆ. ಆದರೆ ಹೊಸ ಗೋಡೆಗೂ ಬುಡದಲ್ಲಿ ಬೇರೆ ಬಣ್ಣದ ಪಟ್ಟೆ ಎಳೆಸುತ್ತೇವಲ್ಲ, ಅದನ್ನು ‘ಬಾರ್ಡರ್’ ಎನ್ನುವುದೇಕೆ? ಹಳೆಯ ಪದ ಅಲ್ಲಿಗೂ ಸರಿಯಾಗಿ ಹೊಂದುತ್ತದೆ. ಮುಂದಿನ ಸಲ ಬಣ್ಣದವರು ಮನೆಗೆ ಬಂದಾಗ ‘ಕಾರಣೆ ಎಷ್ಟು ಅಗಲ ಇಡುತ್ತೀಯಪ್ಪ?’ ಎಂದು ಕೇಳಿ ನೋಡಿ. ನಮ್ಮ ಬೀದಿಯ ಹಿರಿಯ ಬಣ್ಣಗಾರನೊಬ್ಬ ತಡವರಿಸದೆ ‘ಒಂದು ಗೇಣು ಸಾಕು ಬಿಡಿ ಮೇಷ್ಟ್ರೇ’ ಎಂದ.