ತಳದ ಮುದ್ರೆ ಮತ್ತು ಧೂಪದಾನಿಯ ವಯಸ್ಸು



ಕೊಡಗಿನ ಹಳೆಯ ಮನೆಗಳಿಗೆ ಈಚೆಗೆ ಒಂದು ಹೊಸ ವ್ಯಾಧಿ ತಗುಲಿದೆ. ಅಟ್ಟದ ಪಾತ್ರೆಯೊಂದರ ತಳದಲ್ಲಿ ಅರ್ಥವಾಗದ ಅಕ್ಷರ ಕಂಡೊಡನೆ ಅದರ ಚಿತ್ರವನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ಕಳುಹಿಸುವುದು. ಯಾರೋ ‘ಆರುನೂರು ವರ್ಷ ಹಳೆಯದು’ ಎಂದರೆ ಅದನ್ನೇ ವೇದವಾಕ್ಯವೆಂದು ನಂಬುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಐನ್‌ಮನೆಯ ಮುಕ್ಕಾಲಿನ ಚೀನೀ ಧೂಪದಾನಿಯ ವಿಷಯದಲ್ಲಿ ಹೀಗೆಯೇ ಸಂಭ್ರಮಿಸಿ ಪತ್ರ ಬರೆದಿದ್ದಾರೆ. ಅವರ ಸಂಭ್ರಮಕ್ಕೆ ಭಂಗ ತರದೆ ವಿಧಿಯಿಲ್ಲ.

ಅದರ ತಳದ ಆರು ಅಕ್ಷರಗಳ ಅರ್ಥ ‘ಮಹಾ ಮಿಂಗ್ ವಂಶದ ಷ್ವಾನ್‌ದೆಯ ಆಳ್ವಿಕೆಯಲ್ಲಿ ತಯಾರಾದದ್ದು’ ಎಂದು. ಆ ಆಳ್ವಿಕೆಯ ವರ್ಷಗಳು 1426ರಿಂದ 1435. ಆ ಕಾಲದ ಕಂಚಿನ ಧೂಪದಾನಿಗಳಿಗೆ ಬಂದ ಕೀರ್ತಿ ಎಷ್ಟೆಂದರೆ, ಚೀನಾದ ಎರಕದವರು 20ನೆಯ ಶತಮಾನದವರೆಗೂ ಅದೇ ಮುದ್ರೆಯನ್ನು ಹಾಕುತ್ತಲೇ ಬಂದರು. ಎಲ್ಲವೂ ವಂಚನೆಯಲ್ಲ, ಪೂರ್ವಿಕರ ಮೇಲಿನ ಗೌರವವೂ ಉಂಟು. ಇಂದು ಉಳಿದಿರುವವುಗಳಲ್ಲಿ ಬಹುಪಾಲು 17ನೆಯ ಶತಮಾನದವು ಅಥವಾ ಅದಕ್ಕೂ ಈಚಿನವು. ಮೊಮ್ಮಗನಿಗೆ ತಾತನ ಹೆಸರಿಟ್ಟರೆ ತಾತನ ವಯಸ್ಸು ಬಂದೀತೇ?

ಪರೀಕ್ಷಿಸಬೇಕಾದದ್ದು ಬೇರೆ. ಕೈಗೆ ತಾಗುವ ಅಂಚು, ನೆಲಕ್ಕೆ ತಾಗುವ ಕಾಲು ಸಹಜವಾಗಿ ಸವೆದಿವೆಯೇ? ಗಾತ್ರಕ್ಕೆ ತಕ್ಕ ಭಾರವಿದೆಯೇ? ಅಕ್ಷರಗಳು ಸ್ಫುಟವಾಗಿವೆಯೋ, ಮಸಕಾಗಿವೆಯೋ? ಮೈಯ ಕಂದು ಬಣ್ಣ ಲೋಹದೊಡನೆ ಬೆರೆತದ್ದೋ, ರಾಸಾಯನಿಕ ಬಳಿದು ತಂದದ್ದೋ? ಇದೆಲ್ಲ ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ತಿಳಿಯುವುದೇ ಹೊರತು ಚಿತ್ರದಿಂದಲ್ಲ. ಹಬ್ಬ ಬಂತೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿದರಂತೂ ಇರುವ ಸಾಕ್ಷ್ಯವೂ ತೊಳೆದುಹೋಗುತ್ತದೆ.

ಹಳೆಯ ಸಾಮಾನು ಕೊಳ್ಳಲು ಮನೆಬಾಗಿಲಿಗೆ ಬರುವವರ ಮಾತಂತೂ ಬೇಡ. ಅವರ ಲೆಕ್ಕದಲ್ಲಿ ಕೊಳ್ಳುವಾಗ ಗುಜರಿ, ಮಾರುವಾಗ ಮಿಂಗ್. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಇಂತಹ ವಸ್ತು ನೂರು ವರ್ಷ ದಾಟಿದ್ದರೆ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹೌದೋ ಅಲ್ಲವೋ ಎಂಬ ಸಂದೇಹ ಬಂದಲ್ಲಿ ತೀರ್ಮಾನಿಸುವ ಅಧಿಕಾರ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು.

ನನ್ನನ್ನು ಹೆಚ್ಚು ಕೆರಳಿಸಿದ್ದು ಇನ್ನೊಂದು. ಪತ್ರದಲ್ಲಿ ಚೀನೀ ಚಕ್ರವರ್ತಿಯ ಹೆಸರಿದೆ, ಅದನ್ನು ಮನೆಗೆ ತಂದವರ ಹೆಸರಿಲ್ಲ! ಸೇನೆಯಲ್ಲಿದ್ದು ಬರ್ಮಾ, ಮಲಯಗಳಿಂದ ಮರಳಿದ ಹಿರಿಯರು ನಮ್ಮಲ್ಲಿ ಎಷ್ಟು ಜನರಿರಲಿಲ್ಲ? ತಂದವರು ಅಂಥವರೋ, ಕೊಂಡದ್ದು ಬೆಂಗಳೂರಿನ ಹರಾಜಿನಲ್ಲೋ? ತಂದ ವರ್ಷ ತಿಳಿದರೆ ಧೂಪದಾನಿ ಅದಕ್ಕಿಂತ ಈಚಿನದಲ್ಲ ಎಂಬಷ್ಟಾದರೂ ಖಚಿತವಾಗುತ್ತದೆ. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಇದ್ದಾರೆಂದು ಪತ್ರದಲ್ಲೇ ಬರೆದಿದ್ದಾರೆ. ಮೊದಲು ಅವರ ಬಳಿ ಕುಳಿತು ಕೇಳಲಿ, ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಲಿ.