ಬ್ರೇಕಿಲ್ಲದ ಸೈಕಲ್ಲಿಗೆ ಜೀವಾವಧಿಯೇ?

ಸೈಕಲ್ ಸವಾರರಿಗೆ ಜೀವಾವಧಿ ಶಿಕ್ಷೆಯ ಭಯ ಹುಟ್ಟಿಸಿದರೆ ಬ್ರಿಟನ್ನಿನ ಪಾದಚಾರಿಗಳು ಸುರಕ್ಷಿತರಾಗುತ್ತಾರೆ ಎಂಬ ವಾದವನ್ನು ಒಪ್ಪಲಾಗದು. ಕಾನೂನಿನಲ್ಲಿ ಕೊರತೆ ಇದ್ದದ್ದು ನಿಜ. 2016ರಲ್ಲಿ ಲಂಡನ್ನಿನಲ್ಲಿ ಸೈಕಲ್ ಡಿಕ್ಕಿಯಿಂದ ಮಹಿಳೆಯೊಬ್ಬರು ಸತ್ತಾಗ, ಸವಾರನನ್ನು ಶಿಕ್ಷಿಸಲು ಒದಗಿದ್ದು ಕುದುರೆಗಾಡಿ ಕಾಲದ, 1861ರ ಕಾಯ್ದೆ. ಗರಿಷ್ಠ ಶಿಕ್ಷೆ ಎರಡೇ ವರ್ಷ. ಆದ್ದರಿಂದ 2025ರ ಮಸೂದೆಯಲ್ಲಿ ಅಪಾಯಕಾರಿ ಸೈಕಲ್ ಸವಾರಿಯಿಂದ ಸಾವು ತರುವುದನ್ನು, ಜೀವಾವಧಿವರೆಗಿನ ಶಿಕ್ಷೆಯೊಂದಿಗೆ, ಪ್ರತ್ಯೇಕ ಅಪರಾಧವಾಗಿ ಸೇರಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ 2016ರ ಆ ಸೈಕಲ್ಲಿಗೆ ಮುಂದಿನ ಬ್ರೇಕೇ ಇರಲಿಲ್ಲ. ಅಂಥದ್ದನ್ನು ರಸ್ತೆಗಿಳಿಸುವುದು ಆಗಲೇ ಕಾನೂನುಬಾಹಿರವಾಗಿತ್ತು. ನಿಯಮವಿತ್ತು, ಹಿಡಿಯುವವರಿರಲಿಲ್ಲ. ಸಿಕ್ಕಿಬೀಳುವ ಭಯವೇ ಇಲ್ಲದವನಿಗೆ ಎರಡು ವರ್ಷವಾದರೇನು, ಜೀವಾವಧಿಯಾದರೇನು?

ಸತ್ತವರ ಮನೆಯವರಿಗೆ ಕಾರೂ ಒಂದೇ, ಸೈಕಲ್ಲೂ ಒಂದೇ ಎನ್ನುತ್ತಾರೆ. ದುಃಖದ ಮಟ್ಟಿಗೆ ಹೌದು, ನ್ಯಾಯದ ಮಟ್ಟಿಗೂ ಹೌದೆನ್ನೋಣ. ಸುರಕ್ಷತೆಯ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 400 ಪಾದಚಾರಿಗಳು ರಸ್ತೆಯಲ್ಲಿ ಸಾಯುತ್ತಾರೆ. ಸೈಕಲ್ ತಗುಲಿ ಸತ್ತವರು ಬೆರಳೆಣಿಕೆಯಷ್ಟು, ಉಳಿದವರು ಬಹುಪಾಲು ಮೋಟಾರು ವಾಹನಗಳಿಗೆ ಸಿಕ್ಕವರು. (ಪತ್ರಿಕೆಗಳ ಸಿಟ್ಟು ಮಾತ್ರ ತಿರುವುಮುರುವು.) ಕಾಯ್ದೆ ಇರಲಿ. ಆದರೆ ಪಾದಚಾರಿಯ ಜೀವದ ಹೆಸರಿನಲ್ಲಿ ಮಾತಾಡುವವರು ಮೊದಲು ಕಾರುಗಳ ವೇಗಕ್ಕೆ ಕಡಿವಾಣ ಕೇಳಲಿ.