ಹೊರನಾಡಿನ ನಗೆಕಥೆಗೆ ಹೂಂಗುಟ್ಟುವವರು ಬೇಕು

ಕನಕಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಭಾನುವಾರದ ಸಂಜೆಗೆ ಈಗ ಹೊಸದೊಂದು ಕಥಾಕಾಲ ಸೇರಿಕೊಂಡಿದೆ. ರೇಷ್ಮೆಯ ಹುಳುಮನೆಗೆ ಸೊಪ್ಪು ಹಾಕಿ ಬಂದ ಅಪ್ಪ ಅಮ್ಮ ಜಗಲಿಯಲ್ಲಿ ಕೂತು ಫೋನನ್ನು ಗೋಡೆಗೆ ಒರಗಿಸುತ್ತಾರೆ. ಆ ಕಡೆಯಿಂದ ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ದುಬೈಯಲ್ಲೋ ಇರುವ ಮಗನೋ ಮಗಳೋ ವಾರದ ಪಾಡು ಹೇಳತೊಡಗುತ್ತಾರೆ. ಉಪ್ಸಾರಿಗೆ ಖಾರ ಹುರಿಯಲು ಹೋಗಿ ಹೊಗೆಯೆದ್ದು, ಸೂರಿನ ಅಲಾರಂ ಕಿರುಚಿ, ಇಡೀ ಕಟ್ಟಡದವರು ಚಳಿಯಲ್ಲಿ ಬೀದಿಗೆ ಬಂದು ನಿಂತ ಕಥೆ. ಹಿಟ್ಟಿನ ಕೋಲು ಸಿಗದೆ ಮರದ ಚಮಚ ಮುರಿದುಹೋದ ಕಥೆ. ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂದು ತಿಳಿಯದೆ ಕಸದ ಚೀಲ ಹಿಡಿದು ಮೂರು ಸಲ ಮಹಡಿ ಹತ್ತಿ ಇಳಿದ ಕಥೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ, ಕರೆ ಮುಗಿಯುತ್ತದೆ, ಕಥೆಯೂ ಅಲ್ಲಿಗೆ ಮುಗಿಯುತ್ತದೆ. ಹೀಗೆ ಮುಗಿದುಹೋಗಲು ಬಿಡುವುದು ದೊಡ್ಡ ನಷ್ಟ ಎಂಬುದು ಈ ಲೇಖನದ ವಾದ. ಈ ನಗೆಕಥೆಗಳು ನಮ್ಮ ಕಾಲದ ಜನಪದ ಸಾಹಿತ್ಯ. ಮುಂದೆ ಹೊರಡುವವರಿಗೆ ದಾರಿ ತೋರುವ ಬುತ್ತಿಯೂ ಹೌದು. ಇವನ್ನು ಕಿವಿಗೊಟ್ಟು ಕೇಳುವ, ಕೆದಕಿ ಕೇಳುವ, ಕನ್ನಡದಲ್ಲಿಯೇ ಕೂಡಿಡುವ ಕೆಲಸವನ್ನು ನಮ್ಮ ಊರುಗಳು ಕೈಗೆತ್ತಿಕೊಳ್ಳಬೇಕು.

ನಗು ಹುಟ್ಟುವ ಜಾಗವನ್ನು ಸ್ವಲ್ಪ ಗಮನಿಸಿದರೆ ಅದರ ಬೆಲೆ ಗೊತ್ತಾಗುತ್ತದೆ. ಒಂದು ಸಮಾಜದ ನಿಯಮ ಅಲ್ಲೇ ಹುಟ್ಟಿ ಬೆಳೆದವರ ಕಣ್ಣಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದವನು ಅದನ್ನು ಎಡವಿದಾಗ ಮಾತ್ರ ಅದು ಎದ್ದು ಕಾಣುತ್ತದೆ. ಜರ್ಮನಿಗೆ ಹೋದ ಹುಡುಗ ಶನಿವಾರ ಅಕ್ಕಿ ತರಲು ಮರೆತು, ಭಾನುವಾರ ಬಾಗಿಲು ಹಾಕಿದ ಅಂಗಡಿಬೀದಿಯಲ್ಲಿ ಅಲೆದು ಬರೀ ಕೈಯಲ್ಲಿ ಮರಳುತ್ತಾನೆ. ಈ ಪಜೀತಿಯ ಹಿಂದೆ ಒಂದು ಶತಮಾನದ ಇತಿಹಾಸವಿದೆ. ಭಾನುವಾರದ ಬಿಡುವಿಗೆ 1919ರ ವೈಮಾರ್ ಸಂವಿಧಾನ ರಕ್ಷಣೆ ಕೊಟ್ಟಿತು. 1949ರಲ್ಲಿ ಬಂದ ಸಂವಿಧಾನವೂ ಅದೇ ಕಲಮನ್ನು ಉಳಿಸಿಕೊಂಡಿತು. ಅಂಗಡಿಯಲ್ಲಿ ದುಡಿಯುವವನಿಗೂ ವಾರದಲ್ಲಿ ಒಂದು ದಿನ ಮನೆಯವರ ಜೊತೆ ಕೂರುವ ಹಕ್ಕಿದೆ ಎಂದು ಒಂದು ದೇಶ ಒಪ್ಪಿಕೊಂಡಿದೆ. ಅದೇ ಹುಡುಗ ಕುಡಿದು ಬಿಸಾಡಿದ ನೀರಿನ ಬಾಟಲಿಯನ್ನು ಯಾರೋ ಓಡಿಬಂದು ಎತ್ತಿಕೊಳ್ಳುವುದನ್ನು ಕಂಡು ಬೆಪ್ಪಾಗುತ್ತಾನೆ. ಒಮ್ಮೆ ಬಳಸಿ ಬಿಡುವ ಬಾಟಲಿ, ಡಬ್ಬಿಗಳಿಗೆ 2003ರಿಂದ ಅಲ್ಲಿ ಠೇವಣಿಯ ಪದ್ಧತಿಯಿದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ಸು ಬರುತ್ತದೆ. ನಮ್ಮಲ್ಲಿ ಗುಜರಿಯವರು ಮನೆಮನೆ ಅಲೆದು ಮಾಡುವ ಕೆಲಸವನ್ನು ಅಲ್ಲಿ ಕಾನೂನು ಕೊಳ್ಳುವವನ ಕೈಯಲ್ಲೇ ಮಾಡಿಸುತ್ತದೆ. ಅರ್ಕಾವತಿಯ ದಡದಲ್ಲಿ, ಸಂಗಮದಲ್ಲಿ, ಮೇಕೆದಾಟಿನ ಬಂಡೆಗಳ ಸಂದಿಯಲ್ಲಿ ಪ್ರವಾಸಿಗರು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳನ್ನು ನೆನೆದರೆ, ಆ ಹುಡುಗನ ಕಥೆ ಪಂಚಾಯಿತಿ ಕಟ್ಟೆಯಲ್ಲಿ ಚರ್ಚೆಯಾಗಬೇಕಾದ ವಿಷಯ ಎನಿಸುತ್ತದೆ.

ಗಡಿಯಾರದ ಕಥೆಯೂ ಅಂಥದೇ. ಯೂರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ನಮಗೂ ಜರ್ಮನಿಗೂ ಮೂರೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಇದು ಗೊತ್ತಿಲ್ಲದ ಹೊಸಬ ಸೋಮವಾರ ಕೆಲಸಕ್ಕೆ ತಡವಾಗಿ ಹೋಗುತ್ತಾನೆ, ಇಲ್ಲವೇ ಬೀಗ ಹಾಕಿದ ಬಾಗಿಲ ಮುಂದೆ ಒಂದು ಗಂಟೆ ಕಾಯುತ್ತಾನೆ. ಊರಿನಲ್ಲಿ ಅಮ್ಮ, ಫೋನು ಬರುವ ಹೊತ್ತು ಮೀರಿತೆಂದು ಕಂಗಾಲಾಗುತ್ತಾಳೆ. ಹೊತ್ತೆನ್ನುವುದು ಸೂರ್ಯನ ಜೊತೆ ಏರಿ ಇಳಿಯುವ ಸಂಗತಿ ಎಂದು ನಂಬಿದ ರೈತಾಪಿ ಮನೆಗೆ, ಸರ್ಕಾರ ಹೊತ್ತನ್ನೇ ಜರುಗಿಸಬಲ್ಲದು ಎಂಬ ಅರಿವು ಬರುವುದು ಇಂಥ ತಬ್ಬಿಬ್ಬಿನಿಂದ. ಪಠ್ಯಪುಸ್ತಕ ಓದಿ ಮರೆತುಹೋಗುವ ಸಂಗತಿ ಒಂದು ನಗುವಿನ ಜೊತೆ ಬಂದರೆ ಅಜ್ಜಿಗೂ ನೆನಪಿರುತ್ತದೆ, ಮೊಮ್ಮಗುವಿಗೂ ನೆನಪಿರುತ್ತದೆ.

ಹೀಗೆ ಕಲಿಯುವುದು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ರಾಮನಗರ, ಕನಕಪುರ, ಚನ್ನಪಟ್ಟಣ, ಮಾಗಡಿಯ ರೇಷ್ಮೆ ರೈತರು ಹುಳು ಸಾಕಣೆಯನ್ನು ಬರಹದಿಂದ ಕಲಿತದ್ದಕ್ಕಿಂತ ಬಾಯಿಮಾತಿನಿಂದ ಕಲಿತದ್ದು ಹೆಚ್ಚು. ಹುಳು ಪೊರೆ ಬಿಡಲು ಎಷ್ಟನೇ ಜ್ವರಕ್ಕೆ ಕೂತಿದೆ, ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು ಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹದ ಯಾವುದು ಎಂಬುದೆಲ್ಲ ಗೂಡಿನ ಮಾರುಕಟ್ಟೆಯ ಸಾಲಿನಲ್ಲಿ, ಚಹಾದಂಗಡಿಯ ಬೆಂಚಿನಲ್ಲಿ, ಒಬ್ಬ ಕೈಸುಟ್ಟುಕೊಂಡದ್ದನ್ನು ಇನ್ನೊಬ್ಬ ಕೇಳಿ ಹರಡಿದ ವಿದ್ಯೆ. ಹೊರದೇಶದ ವಿದ್ಯೆ ನಮ್ಮ ಕೈಗೆ ಒಗ್ಗಿದ ಉದಾಹರಣೆಯೂ ಇಲ್ಲೇ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯ ಕಸುಬಿನಲ್ಲಿ ಬಾವಾಸ್ ಮಿಯಾ ಅವರ ಹೆಸರನ್ನೂ, ಅವರು ಜಪಾನಿನಿಂದ ತಿಳಿದುಕೊಂಡ ತಂತ್ರವನ್ನೂ ಇಂದಿಗೂ ನೆನೆಯುತ್ತಾರೆ. ಕರ್ನಾಟಕದಲ್ಲಿ ದ್ವಿತಳಿ ರೇಷ್ಮೆ ಬೇರೂರಲು ಜಪಾನಿನ ತಜ್ಞರ ನೆರವೂ ಕಾರಣ. ಕೇಳಿ ಕಲಿಯುವುದನ್ನೇ ಬಂಡವಾಳ ಮಾಡಿಕೊಂಡು ಬದುಕಿದ ಸೀಮೆ ತನ್ನದೇ ಮಕ್ಕಳು ಹೊತ್ತು ತರುವ ಅನುಭವವನ್ನು ಬರೀ ನಕ್ಕು ಬಿಟ್ಟರೆ ಹೇಗೆ?

ಇದಕ್ಕೆ ಮೊದಲ ಆಕ್ಷೇಪ ಸುಲಭವಾಗಿ ಊಹಿಸಬಹುದಾದದ್ದು: ಬಟ್ಟೆ ಒಗೆಯುವ ಯಂತ್ರಕ್ಕೆ ಸೋತ ಕಥೆ, ಕಸದ ಡಬ್ಬಿಯ ಕಥೆ ಇವೆಲ್ಲ ತೀರಾ ಸಣ್ಣ ಸಂಗತಿಗಳು, ಇವನ್ನು ದಾಖಲಿಸುವುದೇಕೆ ಎಂಬುದು. ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು, ಬೀಸುವ ಕಲ್ಲಿನ ಪದವೂ ಒನಕೆಯೂ ಒಂದು ಜನಾಂಗದ ಚರಿತ್ರೆ ಎಂದು ತೋರಿಸಿಕೊಟ್ಟವರು. ಅವರೇ ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ, ಶತಮಾನಗಳುದ್ದಕ್ಕೂ ಈ ನೆಲಕ್ಕೆ ಬಂದ ಪರದೇಶಿಗಳು ಬರೆದಿಟ್ಟದ್ದನ್ನು ಕನ್ನಡಕ್ಕೆ ತಂದರು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನವರು ಎಲೆಅಡಿಕೆ ಜಗಿಯುವುದನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಅಂದಿನವರಿಗೆ ಅದು ಹೇಳುವ ಮಾತೇ ಆಗಿರಲಿಲ್ಲ. ಇಂದು ಅದು ಚರಿತ್ರೆಯ ಆಧಾರ. ಪರದೇಶಿಗಳು ನಮ್ಮನ್ನು ಕಂಡ ಬಗೆ ಅಷ್ಟು ಮುಖ್ಯವಾದರೆ, ಕನಕಪುರದ ಹುಡುಗಿಯೊಬ್ಬಳು ಡಬ್ಲಿನ್ ನಗರವನ್ನು ಕಂಡ ಬಗೆಯೂ ಅಷ್ಟೇ ಮುಖ್ಯ. ಅಡುಗೆಮನೆಯಲ್ಲಿ ಹೆಂಗಸರು ಹೇಳುತ್ತಿದ್ದ ಕಥೆಗಳನ್ನು ಯಾರೂ ಲೆಕ್ಕಕ್ಕಿಡದ ಕಾಲದಲ್ಲಿ ಅವನ್ನು ಕೂಡಿಟ್ಟವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪಾಠ ಹೇಳಿದ ಅವರ ಕನ್ನಡ ಜನಪದ ಕಥೆಗಳ ಸಂಗ್ರಹ 1997ರಲ್ಲಿ, ಅವರು ತೀರಿಕೊಂಡ ಮೇಲೆ, ಇಂಗ್ಲಿಷಿನಲ್ಲಿ ಹೊರಬಂತು. ಸಣ್ಣದೆಂದು ಅಂದು ಕೈಬಿಟ್ಟಿದ್ದರೆ ಆ ಕಥೆಗಳು ಇಂದು ಯಾರಿಗೂ ಸಿಗುತ್ತಿರಲಿಲ್ಲ.

ಸಾಹಿತ್ಯದ ಕಡೆಯಿಂದ ನೋಡಿದರೂ ಈ ವಸ್ತುವಿಗೆ ಕನ್ನಡದಲ್ಲಿ ದೊಡ್ಡ ಪರಂಪರೆಯಿದೆ. ಹಾಸನ ಜಿಲ್ಲೆಯ ಹಳ್ಳಿಯ ಬದುಕನ್ನು ನಗುತ್ತ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಗನ ಕಣ್ಣನ್ನು ಹಳ್ಳಿಯಲ್ಲೇ ಬಿಟ್ಟು ಹೋಗದೆ ಜೊತೆಗೊಯ್ದದ್ದೇ ಆ ಪುಸ್ತಕದ ಶಕ್ತಿ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಇದೇ ಸಾಲಿನವು. ಅಮೆರಿಕದ ಕನ್ನಡಿಗರು ಕಟ್ಟಿಕೊಂಡ ಕನ್ನಡ ಸಾಹಿತ್ಯ ರಂಗ ‘ನಗೆಗನ್ನಡಂ ಗೆಲ್ಗೆ’ ಎಂಬ ವಿನೋದ ಬರಹಗಳ ಸಂಕಲನವನ್ನೇ 2007ರಲ್ಲಿ ತಂದಿದೆ. ಆದರೆ ಈ ಹಿರಿಯರಲ್ಲಿ ಬಹುಪಾಲು ಜನ ನೋಡಿಬರಲು ಹೋದವರು, ಇಲ್ಲವೇ ಹೋಗುವಾಗಲೇ ಕೈಯಲ್ಲಿ ಲೇಖನಿ ಹಿಡಿದವರು. ಇಂದು ಹೊರಟಿರುವವರು ದುಡಿಯಲು ಹೋದ ಇಪ್ಪತ್ತೈದರ ಆಸುಪಾಸಿನವರು. ರೇಷ್ಮೆ, ರಾಗಿ ಬೆಳೆಯುವ ಮನೆಗಳಿಂದ ಮೊದಲ ಬಾರಿಗೆ ವಿಮಾನ ಹತ್ತಿದವರು. ಇವರ ಕಥೆ ಇನ್ನೂ ಪುಸ್ತಕದ ಕಪಾಟಿಗೆ ಬಂದಿಲ್ಲ, ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳಲ್ಲಿ ಉಳಿದಿದೆ. ಫೋನು ಕೆಟ್ಟ ದಿನ ಅದೂ ಹೋಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಗು ನೋವನ್ನು ಮುಚ್ಚುತ್ತದೆ. ಹೆತ್ತವರು ಗಾಬರಿಯಾಗದಿರಲೆಂದು ಮಕ್ಕಳು ಕಷ್ಟವನ್ನು ತಮಾಷೆ ಮಾಡಿ ಹೇಳುತ್ತಾರೆ. ಅದನ್ನು ಮೆರೆಸಿದರೆ ಹೊರನಾಡಿನ ಬದುಕು ಸುಖದ ಸುಪ್ಪತ್ತಿಗೆ ಎಂಬ ಭ್ರಮೆ ಹಬ್ಬುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಹೋಟೆಲಿನ ಹಿತ್ತಲಲ್ಲಿ ಮೂಟೆಗಟ್ಟಲೆ ಈರುಳ್ಳಿ ಸುಲಿದು ಕಣ್ಣೀರು ಸುರಿಸಿದ ಕಥೆ ಕೇಳಲು ಚೆಂದ. ಆದರೆ ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಗೆ ತರಗತಿ ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಮೀರಿ ದುಡಿಯುವ ಅನುಮತಿಯಿಲ್ಲ. ಆ ಮಿತಿಯೊಳಗೆ ಮನೆ ಬಾಡಿಗೆಯನ್ನೂ ಊರಿನ ಸಾಲದ ಕಂತನ್ನೂ ಹೊಂದಿಸುವ ಲೆಕ್ಕ ಆ ನಗುವಿನ ಹಿಂದಿದೆ. ಕೊಲ್ಲಿ ದೇಶಗಳಿಗೆ ಹೋಗುವವರ ಪಾಡು ಇನ್ನೂ ಸೂಕ್ಷ್ಮ. ಅಲ್ಲಿ ಬಹುಕಾಲದಿಂದ ನಡೆದುಬಂದ ಕಫಾಲಾ ಪದ್ಧತಿ ಕೆಲಸಗಾರನ ವಾಸದ ಪರವಾನಗಿಯನ್ನು ಮಾಲೀಕನಿಗೆ ಕಟ್ಟಿಹಾಕುತ್ತದೆ. ಕೆಲವು ದೇಶಗಳು ಅದನ್ನು ಈಚೆಗೆ ಸಡಿಲಿಸಿವೆ. ನಮ್ಮ 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರು ಸಾಮಾನ್ಯವಾಗಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು. ಆ ಅನುಮತಿ ತಪ್ಪಿಸಿ, ಪ್ರವಾಸದ ವೀಸಾದಲ್ಲಿ ಕಳಿಸುತ್ತೇನೆನ್ನುವ ದಲ್ಲಾಳಿಯ ಮಾತು ನಂಬಿ ಹೋದವರಿಗೆ ಕಷ್ಟ ಬಂದರೆ ಕೈಹಿಡಿಯುವ ಕಾಗದವೇ ಇರುವುದಿಲ್ಲ.

ಹಾಗೆಂದು ಮದ್ದು ನಗುವನ್ನು ತಡೆಯುವುದಲ್ಲ, ನಗುವನ್ನು ದಾಟಿ ಮುಂದೆ ಕೇಳುವುದು. ನೋವನ್ನು ನೇರ ಹೇಳಲಾಗದವರಿಗೆ ನಗೆಕಥೆಯೊಂದೇ ತೆರೆದ ಬಾಗಿಲು. ಅಲಾರಂ ಕಿರುಚಿದ ಕಥೆ ಹೇಳಿದವನನ್ನು ‘ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದೀರಪ್ಪಾ?’ ಎಂದು ಕೇಳಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಈರುಳ್ಳಿಯ ಕಥೆ ಹೇಳಿದವಳನ್ನು ‘ಸಂಬಳ ಸರಿಯಾಗಿ ಕೈಗೆ ಬರ್ತಿದೆಯೇನವ್ವಾ, ಪಾಸ್‌ಪೋರ್ಟು ನಿನ್ನ ಹತ್ತಿರವೇ ಇದೆಯಾ?’ ಎಂದು ಕೇಳಿದರೆ ಆ ಒಂದು ಪ್ರಶ್ನೆ ಎಷ್ಟೋ ಅನಾಹುತಕ್ಕೆ ಮುನ್ನೆಚ್ಚರಿಕೆಯಾದೀತು. ಕಥೆ ಕೇಳದೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯವೇ ಸಾಕ್ಷಿ. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಹೊತ್ತು ಆಫ್ರಿಕದ ದೇಶಗಳಲ್ಲಿ ವ್ಯಾಪಾರ ಮಾಡುವ ಈ ಜನರ ಸಾಹಸ ನಾಡಿನ ಬಹುತೇಕರಿಗೆ ತಿಳಿದದ್ದು 2023ರ ಏಪ್ರಿಲ್‌ನಲ್ಲಿ, ಸೂಡಾನಿನಲ್ಲಿ ಯುದ್ಧ ಹೊತ್ತಿ, ಮೂವತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಬಿದ್ದಾಗ. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಸೂಡಾನಿನಿಂದ ಭಾರತೀಯರನ್ನು ಕರೆತಂದಿತು. ದೊಡ್ಡ ಪದವಿಗಳಿಲ್ಲದೆ ಖಂಡ ದಾಟಿ, ಗೊತ್ತಿಲ್ಲದ ಭಾಷೆಗಳಲ್ಲಿ ಚೌಕಾಸಿ ಮಾಡಿ ಬದುಕಿದವರ ಬಳಿ ನಗಿಸುವ, ಬೆಚ್ಚಿಸುವ ಕಥೆಗಳು ಎಷ್ಟಿರಬೇಡ! ನಾಡು ಆ ಕಥೆಗಳನ್ನು ಮೊದಲೇ ಕೇಳಿದ್ದರೆ, ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದು ಸಂಕಟದ ದಿನ ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಹೊರನಾಡಿನ ಕಥೆ ಉಳ್ಳವರ, ಇಂಗ್ಲಿಷ್ ಬಲ್ಲವರ ಸೊತ್ತು ಎನ್ನುವವರಿಗೂ ಇವರೇ ಉತ್ತರ.

ಮೂರನೆಯ ಆತಂಕ, ಇಂಥ ಕಥೆಗಳು ಪರದೇಶದವರನ್ನು ಹಂಗಿಸುವ, ಅವರ ಊಟ ಉಡುಗೆಯನ್ನು ಗೇಲಿ ಮಾಡುವ ಹಾದಿ ಹಿಡಿಯಬಹುದು ಎಂಬುದು. ಇದಕ್ಕೆ ಒಂದು ಸರಳ ಒರೆಗಲ್ಲಿದೆ: ಕಥೆಯಲ್ಲಿ ಎಡವಿದವರು ಯಾರು ಎಂದು ನೋಡಬೇಕು. ಹೇಳುವವರೇ ಎಡವಿ, ಬಿದ್ದು, ಕಲಿತು ಎದ್ದ ಕಥೆ ಕೇಳುವವರ ಮನಸ್ಸನ್ನು ಅಗಲ ಮಾಡುತ್ತದೆ. ಇನ್ನೊಬ್ಬರ ಬಣ್ಣ, ಉಚ್ಚಾರ, ಬಡತನ ಹಿಡಿದು ಆಡುವ ಮಾತಿಗೆ ಸಂಗ್ರಹದಲ್ಲಿ ಜಾಗವಿರಬಾರದು. ಹೊರನಾಡಿನಲ್ಲಿ ತಾನು ಹೊಸಬನಾಗಿ ತಬ್ಬಿಬ್ಬಾದ ಕಥೆ ಹೇಳುವವನ ಮನೆಯವರು, ಬಿಹಾರದಿಂದಲೋ ಒಡಿಶಾದಿಂದಲೋ ನಮ್ಮ ಜಿಲ್ಲೆಗೆ ದುಡಿಯಲು ಬಂದ ಹುಡುಗ ಬಸ್ಸಿನಲ್ಲಿ ಕನ್ನಡಕ್ಕೆ ತಡವರಿಸಿದಾಗ ಸಿಡುಕುವ ಮೊದಲು ಒಂದು ಗಳಿಗೆ ತಡೆದಾರು. ಆ ತಡೆದ ಗಳಿಗೆಯೇ ಈ ಕಥೆಗಳ ದೊಡ್ಡ ಫಲ.

ಮಾಡಬೇಕಾದ ಕೆಲಸಕ್ಕೆ ಹೆಚ್ಚು ಹಣ ಬೇಕಿಲ್ಲ. ಗಾಂಧಿವಾದಿ ಎಸ್. ಕರಿಯಪ್ಪನವರು ಹಳ್ಳಿಯ ಮಕ್ಕಳಿಗಾಗಿ ಕನಕಪುರದಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಅಂಥ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಹಳೆಯ ವಿದ್ಯಾರ್ಥಿಗಳಿಂದ ವರ್ಷಕ್ಕೆ ಇಪ್ಪತ್ತು ಧ್ವನಿಕಥೆ ತರಿಸಿಕೊಳ್ಳುವುದು ಕಷ್ಟವಲ್ಲ. ಈಗ ಓದುತ್ತಿರುವ ಮಕ್ಕಳು ಅವನ್ನು ಕೇಳಿ, ಹೇಳಿದವರ ಕನಕಪುರದ ಕನ್ನಡದಲ್ಲಿಯೇ ಬರೆದಿಡಲಿ. ಊರು, ಕಸುಬು, ದೇಶ, ವರ್ಷ ನಮೂದಿಸಲಿ. ಬಯಸಿದವರ ಹೆಸರು ಗುಟ್ಟಾಗಿರಲಿ. ತಾಲ್ಲೂಕು ಗ್ರಂಥಾಲಯದಲ್ಲಿ ಅವುಗಳ ಒಂದು ಪ್ರತಿ ಇದ್ದರೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರು ಹೊರಡುವ ಮೊದಲು ಅಲ್ಲಿ ಒಂದು ಮಧ್ಯಾಹ್ನ ಕೂತು ಓದಬಹುದು. ದಲ್ಲಾಳಿ ಹೇಳದ್ದನ್ನು, ಜಾಹೀರಾತು ಮರೆಮಾಚಿದ್ದನ್ನು ಆ ಪುಟಗಳು ಹೇಳುತ್ತವೆ.

ನಮ್ಮ ಹಳ್ಳಿಗಳಲ್ಲಿ ಅಜ್ಜಿ ಕಥೆ ಹೇಳುವಾಗ ಕೇಳುವ ಮಕ್ಕಳು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಮಗು ಮಲಗಿತೆಂದು ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಈಗ ಕಥೆ ಹೇಳುವವರು ದೂರದಲ್ಲಿರುವ ಮಕ್ಕಳು, ಹೂಂಗುಟ್ಟಬೇಕಾದವರು ಊರಿನಲ್ಲಿರುವ ಹಿರಿಯರು. ಬರುವ ಭಾನುವಾರ ನಕ್ಕು ಮುಗಿದ ಮೇಲೆ ಫೋನಿಡುವ ಮುನ್ನ ‘ಹೂಂ, ಆಮೇಲೇನಾಯ್ತು?’ ಎಂದು ಒಂದು ಮಾತು ಕೇಳಿ. ಮಕ್ಕಳು ಹೇಳದೆ ಉಳಿಸಿಕೊಂಡ ಅರ್ಧ ಕಥೆ ಆ ಮಾತಿಗಾಗಿ ಕಾದಿರುತ್ತದೆ.